ಸ್ವಯಂ ಲಾಗಿನ್: ದೂರದ ಕಂಪ್ಯೂಟರಿಗೆ ತಾನಾಗಿ ಸಿಗುವ ಪ್ರವೇಶ

ಸ್ವಯಂ ಲಾಗಿನ್ : ಬಳಕೆದಾರರು ಪ್ರತಿ ಸಲವೂ ಹೆಸರು, ಪಾಸ್‌ವರ್ಡ್ ಟೈಪ್ ಮಾಡದೆಯೇ ಕಂಪ್ಯೂಟರು ಪ್ರವೇಶ ಕೊಡುವ ವ್ಯವಸ್ಥೆ. ದೂರದಲ್ಲಿರುವ ಕಂಪ್ಯೂಟರನ್ನು ಜಾಲದ ಮೂಲಕ ಬಳಸುವಾಗ ಈ ಒಂದೇ ಹೆಸರಿನಡಿ ಎರಡು ಬೇರೆ ಏರ್ಪಾಟುಗಳು ಬರುತ್ತವೆ. ಮೊದಲನೆಯದರಲ್ಲಿ ನಮ್ಮ ಕೈಯಲ್ಲಿರುವ ಯಂತ್ರ ದೂರದ ಯಂತ್ರಕ್ಕೆ ತನ್ನ ಗುರುತನ್ನು ತಾನೇ ಸಾಬೀತು ಮಾಡುತ್ತದೆ. ಎಸ್‌ಎಸ್‌ಎಚ್ ಕೀಲಿ, ಕರ್ಬೆರೋಸ್ ಟಿಕೆಟ್ ಈ ಬಗೆಯವು. ಎರಡನೆಯದರಲ್ಲಿ ದೂರದ ಯಂತ್ರ ವಿದ್ಯುತ್ ಬಂದು ಚಾಲೂ ಆದ ಕೂಡಲೇ ಯಾರನ್ನೂ ಕೇಳದೆ, ಮೊದಲೇ ಗೊತ್ತುಮಾಡಿದ ಖಾತೆಯೊಂದನ್ನು ತೆರೆದು ಡೆಸ್ಕ್‌ಟಾಪ್ ಸಿದ್ಧಮಾಡಿಕೊಳ್ಳುತ್ತದೆ. ರೈಲು ನಿಲ್ದಾಣದ ಮಾಹಿತಿ ಫಲಕ, ಪ್ರಯೋಗಾಲಯದ ಅಳತೆ ಯಂತ್ರ, ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರುಗಳಲ್ಲಿ ಇದು ಕಾಣುತ್ತದೆ. ಎರಡರಲ್ಲೂ ಗುರುತಿನ ಪರೀಕ್ಷೆ ಅಳಿಸಿಹೋಗುವುದಿಲ್ಲ. ಮನುಷ್ಯನ ನೆನಪಿನಲ್ಲಿದ್ದದ್ದು ಒಂದು ಫೈಲಿಗೋ ಒಂದು ಚಿಪ್ಪಿಗೋ ಯಂತ್ರವಿರುವ ಕೋಣೆಯ ಬಾಗಿಲಿಗೋ ವರ್ಗವಾಗುತ್ತದೆ. ಆ ಹೊಸ ಜಾಗ ಎಷ್ಟು ಭದ್ರ ಎಂಬುದೇ ಈ ವಿಷಯದ ತಿರುಳು. ಇದರ ಇತಿಹಾಸವನ್ನು ಓದಿದರೆ ಅಪಾಯ ಹೆಚ್ಚಾಗಿ ಬಂದದ್ದು ಅನುಕೂಲದಿಂದಲ್ಲ, ಜಾಗದ ಆಯ್ಕೆ ತಪ್ಪಿದ್ದರಿಂದ ಎಂಬುದು ತಿಳಿಯುತ್ತದೆ.

ಹಿನ್ನೆಲೆ

ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಬಳಸಬೇಕಾಗಿ ಬಂದಾಗ ಲಾಗಿನ್ ಬಳಕೆಗೆ ಬಂತು. ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ 1961ರಲ್ಲಿ ಮೊದಲು ಪ್ರದರ್ಶಿಸಿದ ಸಿಟಿಎಸ್‌ಎಸ್ ಎಂಬ ಕಾಲಹಂಚಿಕೆ ವ್ಯವಸ್ಥೆ ಪಾಸ್‌ವರ್ಡ್ ಬಳಸಿದ ಮೊದಲ ವ್ಯವಸ್ಥೆಗಳಲ್ಲಿ ಒಂದು. 1962ರಲ್ಲಿ ಆಲನ್ ಶೆರ್ ಎಂಬ ಸಂಶೋಧಕರು, ತಮಗೆ ಕೊಟ್ಟಿದ್ದ ಯಂತ್ರಸಮಯ ಸಾಲದೆ, ಪಾಸ್‌ವರ್ಡ್ ಫೈಲನ್ನು ಮುದ್ರಿಸಿಕೊಡುವಂತೆ ವ್ಯವಸ್ಥೆಗೇ ಕೋರಿಕೆ ಸಲ್ಲಿಸಿ ಇಡೀ ಪಟ್ಟಿಯನ್ನು ಪಡೆದುಕೊಂಡರು. ಗುಟ್ಟುಗಳನ್ನು ಒಂದೆಡೆ ಬರೆದಿಟ್ಟರೆ ಆ ಎಡೆಯೇ ಗುರಿಯಾಗುತ್ತದೆ ಎಂಬುದು ಪಾಸ್‌ವರ್ಡಿನ ಶೈಶವದಲ್ಲೇ ಹೀಗೆ ಬಯಲಾಯಿತು.

ಇಂಟರ್ನೆಟ್ಟಿನ ಪೂರ್ವಜವಾದ ಅರ್ಪಾನೆಟ್ ಜಾಲದಲ್ಲಿ ಹರಿದ ಮೊದಲ ಸಂದೇಶವೂ ದೂರದ ಲಾಗಿನ್ನಿನ ಪ್ರಯತ್ನವೇ. 1969ರ ಅಕ್ಟೋಬರ್ 29ರಂದು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಚಾರ್ಲಿ ಕ್ಲೈನ್ ಅವರು ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಯಂತ್ರಕ್ಕೆ ಲಾಗಿನ್ ಆಗಲು ಹೊರಟರು. ಎಲ್, ಓ ಎಂಬ ಎರಡು ಅಕ್ಷರ ದಾಟುವಷ್ಟರಲ್ಲಿ ಆ ಕಡೆಯ ವ್ಯವಸ್ಥೆ ಕುಸಿಯಿತು. ಸುಮಾರು ಒಂದು ಗಂಟೆಯ ನಂತರ ಲಾಗಿನ್ ಪೂರ್ಣಗೊಂಡಿತು. ಮುಂದೆ ಬಂದ ಟೆಲ್‌ನೆಟ್ ದೂರದ ಲಾಗಿನ್ನನ್ನು ದಿನನಿತ್ಯದ ಕೆಲಸವಾಗಿಸಿತು. ಆದರೆ ಅದು ಪಾಸ್‌ವರ್ಡನ್ನೂ ಸೇರಿಸಿ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ತಂತಿಯ ಮೇಲೆ ಕಳಿಸುತ್ತಿತ್ತು. ದಾರಿಯಲ್ಲಿ ಕಿವಿಯಿಟ್ಟವರಿಗೆಲ್ಲ ಅದು ಸಿಗುವಂತಿತ್ತು.

ಪಾಸ್‌ವರ್ಡ್ ಕೇಳದ ದೂರ ಲಾಗಿನ್ ಜನಪ್ರಿಯವಾದದ್ದು ಬರ್ಕ್ಲಿಯ ಯೂನಿಕ್ಸ್‌ನಿಂದ. 1983ರಲ್ಲಿ ಬಿಡುಗಡೆಯಾದ 4.2ಬಿಎಸ್‌ಡಿ ಆವೃತ್ತಿಯಲ್ಲಿ ಆರ್‌ಲಾಗಿನ್, ಆರ್‌ಎಸ್‌ಎಚ್ ಎಂಬ ಆಜ್ಞೆಗಳಿದ್ದವು. ಬಳಕೆದಾರರ ಮನೆ ಡೈರೆಕ್ಟರಿಯಲ್ಲಿ ಆರ್‌ಹೋಸ್ಟ್ಸ್ ಎಂಬ ಸಣ್ಣ ಫೈಲಿರುತ್ತಿತ್ತು. ಇಂಥ ಯಂತ್ರದಿಂದ ಇಂಥ ಬಳಕೆದಾರ ಬಂದರೆ ಕೇಳದೆ ಒಳಗೆ ಬಿಡು ಎಂಬಷ್ಟೇ ಅದರ ಒಕ್ಕಣೆ. ಸರ್ವರ್ ಪರೀಕ್ಷಿಸುತ್ತಿದ್ದದ್ದು ಬಂದವರ ಜಾಲ ವಿಳಾಸವನ್ನು, ಮತ್ತು ಅವರ ಪೋರ್ಟ್ ಸಂಖ್ಯೆ 1024ಕ್ಕಿಂತ ಕಡಿಮೆ ಇದೆಯೇ ಎಂಬುದನ್ನು. ಅಷ್ಟು ಕೆಳಗಿನ ಪೋರ್ಟನ್ನು ಯಂತ್ರದ ಮೇಲಾಡಳಿತಗಾರ ಮಾತ್ರ ಬಳಸಬಲ್ಲ, ಮೇಲಾಡಳಿತಗಾರರೆಲ್ಲ ಪ್ರಾಮಾಣಿಕರು, ವಿಳಾಸವನ್ನು ಯಾರೂ ಸುಳ್ಳಾಗಿಸಲಾರರು ಎಂಬ ಮೂರು ನಂಬಿಕೆಗಳ ಮೇಲೆ ಇಡೀ ಏರ್ಪಾಟು ನಿಂತಿತ್ತು. ಒಂದೇ ವಿಭಾಗದ, ಒಬ್ಬರಿಗೊಬ್ಬರು ಪರಿಚಯವಿದ್ದವರ ಕೆಲವೇ ಯಂತ್ರಗಳ ನಡುವೆ ಆ ನಂಬಿಕೆಗಳಿಗೆ ಅರ್ಥವಿತ್ತು. ಜಾಲ ಬೆಳೆದಂತೆ ಮೂರೂ ಸುಳ್ಳಾದವು.

1988ರ ನವೆಂಬರ್ 2ರಂದು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಟ್ಯಾಪನ್ ಮಾರಿಸ್ ಬಿಟ್ಟ ವರ್ಮ್ ತಂತ್ರಾಂಶ ಹರಡಿದ ದಾರಿಗಳಲ್ಲಿ ಈ ನಂಬುಗೆಯ ಏರ್ಪಾಟೂ ಒಂದು. ಒಂದು ಯಂತ್ರವನ್ನು ಹೊಕ್ಕ ಕೂಡಲೇ ಅದು ಸುಲಭ ಪಾಸ್‌ವರ್ಡುಗಳನ್ನು ಊಹಿಸುತ್ತಿತ್ತು, ನಂಬುಗೆಯ ಪಟ್ಟಿಗಳನ್ನು ಓದಿ ಪಕ್ಕದ ಯಂತ್ರಗಳಿಗೆ ಪಾಸ್‌ವರ್ಡಿಲ್ಲದೆ ದಾಟುತ್ತಿತ್ತು. ಯೂನಿಕ್ಸ್‌ನ ಪಾಸ್‌ವರ್ಡುಗಳನ್ನು ಗುಪ್ತರೂಪದಲ್ಲಿಡುವ ವಿಧಾನದ ಬಗ್ಗೆ 1979ರಲ್ಲಿ ಕೆನ್ ಥಾಂಪ್ಸನ್ ಜತೆ ಪ್ರಸಿದ್ಧ ಲೇಖನ ಬರೆದ ರಾಬರ್ಟ್ ಮಾರಿಸ್ ಈ ವಿದ್ಯಾರ್ಥಿಯ ತಂದೆ. ಆರು ವರ್ಷಗಳ ನಂತರ, 1994ರ ಕ್ರಿಸ್‌ಮಸ್ ದಿನ, ಕಂಪ್ಯೂಟರ್ ಭದ್ರತಾ ತಜ್ಞ ತ್ಸುತೊಮು ಶಿಮೊಮುರಾ ಅವರ ಯಂತ್ರಗಳ ಮೇಲೆ ನಡೆದ ದಾಳಿಯಲ್ಲಿ ಜಾಲ ವಿಳಾಸವನ್ನೇ ನಕಲಿ ಮಾಡಲಾಯಿತು. ನಂಬುಗೆಯ ಯಂತ್ರದ ಹೆಸರಿನಲ್ಲಿ ಬಂದ ದಾಳಿಕೋರರು ಆರ್‌ಹೋಸ್ಟ್ಸ್ ಫೈಲಿಗೆ ಎರಡು ಕೂಡುಚಿಹ್ನೆಗಳನ್ನು ಸೇರಿಸಿದರು. ಎಲ್ಲ ಯಂತ್ರಗಳಿಂದ ಎಲ್ಲರನ್ನೂ ಒಳಗೆ ಬಿಡು ಎಂದು ಅದರ ಅರ್ಥ. ಈ ಪ್ರಕರಣದ ಜಾಡು ಹಿಡಿದು 1995ರ ಫೆಬ್ರವರಿಯಲ್ಲಿ ಹ್ಯಾಕರ್ ಕೆವಿನ್ ಮಿಟ್ನಿಕ್ ಅವರ ಬಂಧನವಾಯಿತು.

ಎಂಐಟಿಯ ಅಥೀನಾ ಯೋಜನೆಯಲ್ಲಿ ರೂಪುಗೊಂಡ ಕರ್ಬೆರೋಸ್ ಬೇರೆ ದಾರಿ ಹಿಡಿಯಿತು. ಬೆಳಗ್ಗೆ ಒಮ್ಮೆ ಪಾಸ್‌ವರ್ಡ್ ಕೊಟ್ಟರೆ ಕೇಂದ್ರ ಸರ್ವರ್ ಕಾಲಮಿತಿಯ ಟಿಕೆಟ್ ಕೊಡುತ್ತದೆ. ದಿನವಿಡೀ ಬೇರೆ ಬೇರೆ ಯಂತ್ರಗಳಿಗೆ ಆ ಟಿಕೆಟ್ ತೋರಿಸಿದರೆ ಸಾಕು. ಪಾಸ್‌ವರ್ಡ್ ಜಾಲದ ಮೇಲೆ ಸಾಗುವುದೇ ಇಲ್ಲ. ವಿಂಡೋಸ್ 2000ದಿಂದ ಮೈಕ್ರೋಸಾಫ್ಟಿನ ಆ್ಯಕ್ಟಿವ್ ಡೈರೆಕ್ಟರಿ ಇದನ್ನೇ ನೆಚ್ಚಿಕೊಂಡಿದೆ. ಕಚೇರಿಯ ಕಂಪ್ಯೂಟರಿನಿಂದ ಹಂಚಿಕೆಯ ಫೋಲ್ಡರು, ಮುದ್ರಕ, ಸರ್ವರುಗಳೆಲ್ಲ ಮತ್ತೆ ಕೇಳದೆ ತೆರೆದುಕೊಳ್ಳುವುದರ ಹಿಂದೆ ಸಾಮಾನ್ಯವಾಗಿ 10 ಗಂಟೆ ಬಾಳುವ ಈ ಟಿಕೆಟ್ಟಿದೆ. ಯಂತ್ರಗಳ ಗಡಿಯಾರಗಳ ನಡುವೆ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಅದು ಕೆಲಸ ಮಾಡುವುದಿಲ್ಲ. ಕಾರಣ ತಿಳಿಯದ ಎಷ್ಟೋ ಲಾಗಿನ್ ದೂರುಗಳು ಗಡಿಯಾರ ಸರಿಪಡಿಸಿದೊಡನೆ ತೀರುತ್ತವೆ.

ಎಸ್‌ಎಸ್‌ಎಚ್ ಮತ್ತು ಕೀಲಿ ಜೋಡಿ

1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡುಗಳನ್ನು ಕದ್ದು ಕೇಳುತ್ತಿದ್ದುದು ಪತ್ತೆಯಾಯಿತು. ಅಲ್ಲಿನ ಸಂಶೋಧಕ ತಾತು ಉಲೋನೆನ್ ಟೆಲ್‌ನೆಟ್, ಆರ್‌ಲಾಗಿನ್‌ಗಳ ಬದಲಿಗೆ ಎಲ್ಲವನ್ನೂ ಗೂಢಲಿಪಿಯಲ್ಲಿ ಸಾಗಿಸುವ ಎಸ್‌ಎಸ್‌ಎಚ್ ಬರೆದು ಅದೇ ವರ್ಷ ಜುಲೈಯಲ್ಲಿ ಬಿಡುಗಡೆ ಮಾಡಿದರು. ಎಫ್‌ಟಿಪಿಯ 21, ಟೆಲ್‌ನೆಟ್‌ನ 23 ಇವುಗಳ ನಡುವೆ ಖಾಲಿಯಿದ್ದ 22ನೇ ಪೋರ್ಟನ್ನು ಅವರು ಕೇಳಿ ಪಡೆದರು. 1999ರ ಡಿಸೆಂಬರಿನಲ್ಲಿ ಓಪನ್‌ಬಿಎಸ್‌ಡಿ ತಂಡದ ಓಪನ್‌ಎಸ್‌ಎಸ್‌ಎಚ್ ಬಂತು. ಇಂದು ಲಿನಕ್ಸ್, ಮ್ಯಾಕ್ ಯಂತ್ರಗಳಲ್ಲೂ 2018ರಿಂದ ವಿಂಡೋಸ್ 10ರಲ್ಲೂ ಇರುವುದು ಇದೇ. ಎಸ್‌ಎಸ್‌ಎಚ್ ಸಂವಹನ ನಿಯಮಗಳ ಎರಡನೇ ಆವೃತ್ತಿ 2006ರ ಜನವರಿಯಲ್ಲಿ ಇಂಟರ್ನೆಟ್ ಮಾನಕವಾಗಿ ಪ್ರಕಟವಾಯಿತು.

ಎಸ್‌ಎಸ್‌ಎಚ್ ಪಾಸ್‌ವರ್ಡನ್ನೂ ಸ್ವೀಕರಿಸುತ್ತದೆ. ಆದರೆ ಅದರ ನಿಜವಾದ ಕೊಡುಗೆ ಕೀಲಿ ಜೋಡಿ. ಬಳಕೆದಾರರು ತಮ್ಮ ಯಂತ್ರದಲ್ಲಿ ಎಸ್‌ಎಸ್‌ಎಚ್-ಕೀಜೆನ್ ಆಜ್ಞೆ ಕೊಟ್ಟರೆ ಗಣಿತದಿಂದ ಬೆಸೆದ ಎರಡು ಫೈಲುಗಳು ಹುಟ್ಟುತ್ತವೆ. ಖಾಸಗಿ ಕೀಲಿ ಆ ಯಂತ್ರ ಬಿಟ್ಟು ಎಲ್ಲಿಗೂ ಹೋಗಬಾರದು. ಒಂದೇ ಸಾಲಿನ ಸಾರ್ವಜನಿಕ ಕೀಲಿಯನ್ನು ದೂರದ ಯಂತ್ರದಲ್ಲಿ ಆಥರೈಜ್ಡ್-ಕೀಸ್ ಎಂಬ ಅನುಮತಿ ಪಟ್ಟಿಗೆ ಸೇರಿಸಬೇಕು. ಎಸ್‌ಎಸ್‌ಎಚ್-ಕಾಪಿ-ಐಡಿ ಆಜ್ಞೆ ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ಮುಂದೆ ಸಂಪರ್ಕಿಸಿದಾಗಲೆಲ್ಲ ನಮ್ಮ ಯಂತ್ರ ಆ ಸಂಪರ್ಕಕ್ಕೆಂದೇ ಹುಟ್ಟಿದ ಗುರುತುಸಂಖ್ಯೆಯನ್ನು ಒಳಗೊಂಡ ಸಂದೇಶಕ್ಕೆ ಖಾಸಗಿ ಕೀಲಿಯಿಂದ ಸಹಿ ಹಾಕುತ್ತದೆ, ಸರ್ವರ್ ತನ್ನಲ್ಲಿರುವ ಸಾರ್ವಜನಿಕ ಕೀಲಿಯಿಂದ ಸಹಿಯನ್ನು ತಾಳೆನೋಡುತ್ತದೆ. ಗುಟ್ಟು ಜಾಲದ ಮೇಲೆ ಹರಿಯುವುದಿಲ್ಲ. ಒಂದು ಸಂಪರ್ಕದ ಸಹಿಯನ್ನು ಕದ್ದರೂ ಇನ್ನೊಂದರಲ್ಲಿ ಅದು ನಡೆಯುವುದಿಲ್ಲ. ಸರ್ವರಿನ ಪಟ್ಟಿಯೇ ಸೋರಿಹೋದರೂ ಕಳ್ಳರಿಗೆ ಸಿಗುವುದು ಸಾರ್ವಜನಿಕ ಕೀಲಿಗಳು ಮಾತ್ರ. ಮನುಷ್ಯರು ನೆನಪಿಡಬಲ್ಲ ಯಾವ ಪಾಸ್‌ವರ್ಡಿಗೂ ಈ ಮೂರು ಗುಣ ಒಟ್ಟಿಗೆ ಇಲ್ಲ. ಆದ್ದರಿಂದ ಕೀಲಿಯ ಸ್ವಯಂ ಲಾಗಿನ್ ಪಾಸ್‌ವರ್ಡಿನ ಲಾಗಿನ್ನಿಗಿಂತ ಸಡಿಲವಾದದ್ದು ಎಂಬ ಸಾಮಾನ್ಯ ಅಂಜಿಕೆಗೆ ಆಧಾರವಿಲ್ಲ. ಸರಿಯಾಗಿ ಹೂಡಿದರೆ ಅದು ಹೆಚ್ಚು ಬಿಗಿ.

ಕೀಲಿಯ ಬಗೆಗಳಲ್ಲಿ ಹಿಂದೆ ಆರ್‌ಎಸ್‌ಎ, ಡಿಎಸ್‌ಎ ಪ್ರಚಲಿತವಾಗಿದ್ದವು. 2014ರ ಜನವರಿಯಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 6.5 ಆವೃತ್ತಿ ಇಡಿ25519 ಎಂಬ ಚಿಕ್ಕ, ವೇಗದ ಕೀಲಿಯನ್ನು ತಂದಿತು. 2023ರ 9.5 ಆವೃತ್ತಿಯಿಂದ ಬೇರೇನೂ ಹೇಳದಿದ್ದರೆ ಅದೇ ಹುಟ್ಟುತ್ತದೆ. 2020ರ 8.2 ಆವೃತ್ತಿಯಿಂದ ಯುಎಸ್‌ಬಿ ಭದ್ರತಾ ಸಾಧನದೊಳಗೆ ಕೀಲಿಯನ್ನು ಕಟ್ಟಿಹಾಕಬಹುದು. ಆಗ ಪ್ರತಿ ಲಾಗಿನ್ನಿಗೂ ಸಾಧನವನ್ನು ಬೆರಳಿನಿಂದ ಮುಟ್ಟಬೇಕು.

ಕೀಲಿ ಹಾಕಿದ ಮೇಲೂ ಪಾಸ್‌ವರ್ಡ್ ಕೇಳುತ್ತಿದೆ ಎಂಬುದು ಈ ಕ್ಷೇತ್ರದ ಅತಿ ಸಾಮಾನ್ಯ ದೂರು. ಬಹುಪಾಲು ಸಲ ಕಾರಣ ಫೈಲಿನ ಅನುಮತಿಗಳಲ್ಲಿರುತ್ತದೆ. ದೂರದ ಯಂತ್ರದ ಮನೆ ಡೈರೆಕ್ಟರಿಯನ್ನೋ ಎಸ್‌ಎಸ್‌ಎಚ್ ಡೈರೆಕ್ಟರಿಯನ್ನೋ ಪಟ್ಟಿಯ ಫೈಲನ್ನೋ ಇತರರು ತಿದ್ದುವಂತಿದ್ದರೆ ಸರ್ವರ್ ಆ ಪಟ್ಟಿಯನ್ನು ನಂಬುವುದಿಲ್ಲ, ಏನನ್ನೂ ಹೇಳದೆ ಪಾಸ್‌ವರ್ಡಿಗೆ ಇಳಿಯುತ್ತದೆ. ಡೈರೆಕ್ಟರಿಗೆ 700, ಪಟ್ಟಿಗೆ 600 ಎಂಬ ಅನುಮತಿ ಕೊಟ್ಟು, ಮನೆ ಡೈರೆಕ್ಟರಿಯಲ್ಲಿ ಇತರರಿಗೆ ಬರೆಯುವ ಹಕ್ಕಿಲ್ಲದಂತೆ ನೋಡಿದರೆ ಸಮಸ್ಯೆ ಸಾಮಾನ್ಯವಾಗಿ ತೀರುತ್ತದೆ. ಸರ್ವರಿನ ಲಾಗ್ ಫೈಲಿನಲ್ಲಿ ಕಾರಣ ಸ್ಪಷ್ಟವಾಗಿ ಬರೆದಿರುತ್ತದೆ. ಅದನ್ನು ಮೊದಲು ಓದುವವರು ಬೇಗ ಗೆಲ್ಲುತ್ತಾರೆ. ವಿಂಡೋಸಿನ ಓಪನ್‌ಎಸ್‌ಎಸ್‌ಎಚ್ ಸರ್ವರಿನಲ್ಲಿ ಇನ್ನೊಂದು ಮುಗ್ಗರಿಸುವ ಜಾಗವಿದೆ: ಖಾತೆ ಅಡ್ಮಿನಿಸ್ಟ್ರೇಟರ್ ಗುಂಪಿಗೆ ಸೇರಿದ್ದರೆ ಆ ಖಾತೆಯ ಸ್ವಂತ ಪಟ್ಟಿಯನ್ನು ಸರ್ವರ್ ನೋಡುವುದೇ ಇಲ್ಲ, ಪ್ರೋಗ್ರಾಮ್‌ಡೇಟಾ ಫೋಲ್ಡರಿನಲ್ಲಿರುವ ಆಡಳಿತಗಾರರ ಸಾಮಾನ್ಯ ಪಟ್ಟಿಯನ್ನು ಮಾತ್ರ ನೋಡುತ್ತದೆ.

ಖಾಸಗಿ ಕೀಲಿಯ ಫೈಲು ಕಳುವಾದರೆ ಏನು? ಇದಕ್ಕೆಂದೇ ಕೀಲಿಗೆ ಪಾಸ್‌ಫ್ರೇಜ್ ಹಾಕುವ ಸೌಲಭ್ಯವಿದೆ. ಪಾಸ್‌ಫ್ರೇಜ್ ಇಟ್ಟರೆ ಪ್ರತಿ ಸಲ ಟೈಪ್ ಮಾಡಬೇಕಲ್ಲ, ಸ್ವಯಂ ಲಾಗಿನ್ ಎಲ್ಲಿ ಬಂತು ಎಂದು ಹಲವರು ಅದನ್ನು ಖಾಲಿ ಬಿಡುತ್ತಾರೆ. ಅದರ ಅಗತ್ಯವಿಲ್ಲ. ಎಸ್‌ಎಸ್‌ಎಚ್-ಏಜೆಂಟ್ ಎಂಬ ಸಹಾಯಕ ತಂತ್ರಾಂಶ ಬೆಳಗ್ಗೆ ಒಮ್ಮೆ ಪಾಸ್‌ಫ್ರೇಜ್ ಕೇಳಿಕೊಂಡು ಬಿಚ್ಚಿದ ಕೀಲಿಯನ್ನು ಮೆಮೊರಿಯಲ್ಲಿಟ್ಟುಕೊಳ್ಳುತ್ತದೆ. ಸೈಮನ್ ಟ್ಯಾಥಮ್ ಅವರ ಪುಟ್ಟಿ ಎಂಬ ಎಸ್‌ಎಸ್‌ಎಚ್ ತಂತ್ರಾಂಶ ಬಳಸುವ ವಿಂಡೋಸ್ ಬಳಕೆದಾರರಿಗೆ ಪೇಜೆಂಟ್ ಇದೇ ಕೆಲಸ ಮಾಡಿಕೊಡುತ್ತದೆ. ಏಜೆಂಟನ್ನು ದೂರದ ಯಂತ್ರದವರೆಗೂ ಚಾಚುವ ಸೌಲಭ್ಯವನ್ನು ಮಾತ್ರ ಎಚ್ಚರದಿಂದ ಬಳಸಬೇಕು. ಆ ಯಂತ್ರದ ಮೇಲಾಡಳಿತ ಯಾರ ಕೈಯಲ್ಲಿದೆಯೋ ಅವರು ಸಂಪರ್ಕ ಇರುವಷ್ಟು ಹೊತ್ತು ನಮ್ಮ ಹೆಸರಿನಲ್ಲಿ ಮುಂದಿನ ಯಂತ್ರಗಳಿಗೆ ಹೋಗಬಲ್ಲರು. ನಡುವಣ ಯಂತ್ರದ ಮೂಲಕ ಹಾಯಬೇಕಾದಾಗ ಪ್ರಾಕ್ಸಿಜಂಪ್ ಎಂಬ ಹಾದಿ ಅದಕ್ಕಿಂತ ಕ್ಷೇಮ.

ಮನುಷ್ಯರೇ ಇಲ್ಲದ ಕಡೆಯ ಪ್ರಶ್ನೆ ಬೇರೆ. ರಾತ್ರಿ ಎರಡು ಗಂಟೆಗೆ ತಾನಾಗಿ ಓಡುವ ಬ್ಯಾಕಪ್ಪಿಗೆ ಪಾಸ್‌ಫ್ರೇಜ್ ಹೇಳಲು ಯಾರೂ ಎದ್ದಿರುವುದಿಲ್ಲ. ಅಲ್ಲಿ ಕೀಲಿಯನ್ನು ಪಾಸ್‌ಫ್ರೇಜಿಲ್ಲದೆ ಇಡುವುದು ಅನಿವಾರ್ಯ. ಹಾಗಿದ್ದಲ್ಲಿ ಕೀಲಿಯ ಅಧಿಕಾರವನ್ನು ಕತ್ತರಿಸಬೇಕು. ಅನುಮತಿ ಪಟ್ಟಿಯ ಅದೇ ಸಾಲಿನ ಮುಂದೆ ಈ ಕೀಲಿ ಇಂಥ ವಿಳಾಸದಿಂದ ಮಾತ್ರ ಬರಬೇಕು, ಬಂದರೆ ಈ ಒಂದು ಆಜ್ಞೆಯನ್ನು ಮಾತ್ರ ನಡೆಸಬೇಕು, ಬೇರೆ ಪೋರ್ಟುಗಳಿಗೆ ದಾರಿ ತೆರೆಯಬಾರದು, ಟರ್ಮಿನಲ್ ಕೊಡಬಾರದು ಎಂಬ ಷರತ್ತುಗಳನ್ನು ಬರೆಯಬಹುದು. ರೆಸ್ಟ್ರಿಕ್ಟ್ ಎಂಬ ಒಂದೇ ಪದ ಹೆಚ್ಚಿನ ಸವಲತ್ತುಗಳನ್ನು ಒಮ್ಮೆಗೇ ಮುಚ್ಚುತ್ತದೆ. ಇಷ್ಟು ಸುಲಭದ, ಇಷ್ಟು ಪರಿಣಾಮಕಾರಿಯಾದ ಈ ಸೌಲಭ್ಯವನ್ನು ಬಳಸುವವರು ಕಡಿಮೆ ಎಂಬುದು ವಿಷಾದದ ಸಂಗತಿ. ಬ್ಯಾಕಪ್ ಕೀಲಿ ಕಳುವಾದಾಗ ಬ್ಯಾಕಪ್ಪಷ್ಟೇ ಅಪಾಯಕ್ಕೆ ಸಿಲುಕುವುದೋ ಇಡೀ ಸರ್ವರ್ ಕೈತಪ್ಪುವುದೋ ಎಂಬುದು ಆ ಒಂದು ಸಾಲಿನಲ್ಲಿ ತೀರ್ಮಾನವಾಗುತ್ತದೆ.

ಲಾಗಿನ್ನಿಗೆ ಇನ್ನೊಂದು ಮುಖವೂ ಇದೆ. ನಾವು ಯಾರೆಂದು ಸರ್ವರಿಗೆ ತಿಳಿಯುವಂತೆ ಸರ್ವರ್ ಯಾವುದೆಂದು ನಮಗೂ ತಿಳಿಯಬೇಕು. ಮೊದಲ ಸಲ ಸಂಪರ್ಕಿಸಿದಾಗ ಎಸ್‌ಎಸ್‌ಎಚ್ ಸರ್ವರಿನ ಕೀಲಿಯ ಬೆರಳಚ್ಚನ್ನು ತೋರಿಸಿ ಒಪ್ಪಿಗೆ ಕೇಳುತ್ತದೆ, ಒಪ್ಪಿದರೆ ಬರೆದಿಟ್ಟುಕೊಳ್ಳುತ್ತದೆ, ಮುಂದೆ ಅದು ಬದಲಾದರೆ ಕಟುವಾಗಿ ಎಚ್ಚರಿಸುತ್ತದೆ. ಸ್ವಯಂಚಾಲಿತ ಸ್ಕ್ರಿಪ್ಟುಗಳಲ್ಲಿ ಈ ಎಚ್ಚರಿಕೆ ತಡೆಯಾಗುತ್ತದೆಂದು ಪರೀಕ್ಷೆಯನ್ನೇ ಆರಿಸಿಬಿಡುವ ರೂಢಿ ವ್ಯಾಪಕವಾಗಿದೆ. ಅದು ಕೆಟ್ಟ ರೂಢಿ. ಹೊಸ ಯಂತ್ರಗಳನ್ನು ಒಪ್ಪಿ, ಬದಲಾದವನ್ನು ತಿರಸ್ಕರಿಸುವ ಆಯ್ಕೆ 2017ರಿಂದಲೇ ಇದೆ. ಸರ್ವರಿನ ಕೀಲಿ ಬದಲಾಗುವುದು ನ್ಯಾಯವಾಗಿಯೇ ನಡೆಯಬಹುದು: 2023ರ ಮಾರ್ಚ್ 24ರಂದು ಪ್ರೋಗ್ರಾಮುಗಳ ಸಂಕೇತ ಇಡುವ ತಾಣ ಗಿಟ್‌ಹಬ್ ತನ್ನ ಆರ್‌ಎಸ್‌ಎ ಸರ್ವರ್ ಕೀಲಿ ಅಲ್ಪಕಾಲ ಸಾರ್ವಜನಿಕವಾಗಿ ಬಯಲಾಗಿತ್ತೆಂದು ಅದನ್ನು ಬದಲಿಸಿತು. ಅಂದು ಜಗತ್ತಿನಾದ್ಯಂತ ಪ್ರೋಗ್ರಾಮರುಗಳ ತೆರೆಯ ಮೇಲೆ ಈ ಎಚ್ಚರಿಕೆ ಮೂಡಿತು. ಪ್ರಕಟವಾದ ಹೊಸ ಬೆರಳಚ್ಚಿನೊಂದಿಗೆ ತಾಳೆನೋಡಿ ಒಪ್ಪುವುದೇ ಅಂಥ ಹೊತ್ತಿನಲ್ಲಿ ಸರಿಯಾದ ಕ್ರಮ.

ಕೀಲಿಗಳ ಬಲ ಅವು ಹುಟ್ಟುವ ಬಗೆಯಲ್ಲಿದೆ. 2006ರಲ್ಲಿ ಡೆಬಿಯನ್ ಲಿನಕ್ಸಿನಲ್ಲಿ ಕೀಲಿ ಹುಟ್ಟಿಸಲು ಬಳಕೆಯಾಗುವ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ ಮಾಡಿದ ತಿದ್ದುಪಡಿಯೊಂದು ಯಾದೃಚ್ಛಿಕತೆಯನ್ನು ಬಹುಮಟ್ಟಿಗೆ ಕಳೆದುಹಾಕಿತು. 2008ರ ಮೇ ತಿಂಗಳಲ್ಲಿ ಲೂಸಿಯಾನೊ ಬೆಲ್ಲೊ ಅದನ್ನು ಪತ್ತೆಹಚ್ಚುವವರೆಗೆ ಆ ಯಂತ್ರಗಳಲ್ಲಿ ಒಂದು ಬಗೆಯ, ಒಂದು ಉದ್ದದ ಕೀಲಿಗೆ ಹುಟ್ಟಬಹುದಾಗಿದ್ದ ಸಾಧ್ಯತೆಗಳು ಕೇವಲ 32 ಸಾವಿರದಷ್ಟು. ಎಲ್ಲವನ್ನೂ ಮೊದಲೇ ತಯಾರಿಸಿಟ್ಟುಕೊಂಡು ಒಂದೊಂದಾಗಿ ತಿರುಗಿಸಿ ನೋಡಬಹುದಿತ್ತು. ಅಂಥ ಕೀಲಿಗಳನ್ನು ಹುಡುಕಿ ತೆಗೆಯುವ ಕೆಲಸಕ್ಕೆ ಜಗತ್ತಿನ ಆಡಳಿತಗಾರರು ಬಹಳ ದುಡಿಯಬೇಕಾಯಿತು.

ದೊಡ್ಡ ಸಂಸ್ಥೆಗಳ ಕಷ್ಟ ಇನ್ನೊಂದು ತರಹದ್ದು. ಕೀಲಿಗೆ ತಾನಾಗಿ ಮುಗಿಯುವ ಅವಧಿಯಿಲ್ಲ. ಕೆಲಸ ಬಿಟ್ಟವರ ಪಾಸ್‌ವರ್ಡ್ ರದ್ದಾಗುತ್ತದೆ, ಅವರು ಹತ್ತಾರು ಸರ್ವರುಗಳಲ್ಲಿ ಸೇರಿಸಿಟ್ಟ ಕೀಲಿಗಳು ಉಳಿಯುತ್ತವೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2015ರಲ್ಲಿ ಸ್ವಯಂಚಾಲಿತ ಎಸ್‌ಎಸ್‌ಎಚ್ ಪ್ರವೇಶದ ನಿರ್ವಹಣೆ ಕುರಿತು ಪ್ರತ್ಯೇಕ ಮಾರ್ಗದರ್ಶಿ ಹೊರತಂದಿತು. ಅದರ ಲೇಖಕರಲ್ಲಿ ಉಲೋನೆನ್ ಕೂಡ ಒಬ್ಬರು. ಓಪನ್‌ಎಸ್‌ಎಸ್‌ಎಚ್ 2010ರಿಂದ ಒದಗಿಸಿರುವ ಪ್ರಮಾಣಪತ್ರ ವಿಧಾನ ಇದಕ್ಕೆ ಒಳ್ಳೆಯ ಮದ್ದು. ಸಂಸ್ಥೆಯ ಒಂದು ಮೂಲ ಕೀಲಿ ಪ್ರತಿ ಬಳಕೆದಾರರ ಕೀಲಿಗೆ ಕೆಲವೇ ಗಂಟೆಗಳ ಅವಧಿಯ ಸಹಿ ಹಾಕುತ್ತದೆ, ಸರ್ವರುಗಳು ಮೂಲ ಕೀಲಿಯನ್ನು ಮಾತ್ರ ನಂಬುತ್ತವೆ. ಅವಧಿ ಮುಗಿದ ಮೇಲೆ ಯಾರೂ ಹೋಗಿ ಅಳಿಸಬೇಕಾಗಿಲ್ಲ.

ಯಂತ್ರ ತಾನೇ ತೆರೆದುಕೊಳ್ಳುವುದು

ವಿಂಡೋಸಿನಲ್ಲಿ ರಿಜಿಸ್ಟ್ರಿಯ ವಿನ್‌ಲಾಗಾನ್ ವಿಭಾಗದಲ್ಲಿ ಆಟೋಅಡ್ಮಿನ್‌ಲಾಗಾನ್ ಬೆಲೆಯನ್ನು 1 ಮಾಡಿ, ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಬರೆದಿಟ್ಟರೆ ಯಂತ್ರ ಚಾಲೂ ಆದಾಗ ನೇರ ಡೆಸ್ಕ್‌ಟಾಪಿಗೆ ಹೋಗುತ್ತದೆ. ಹೀಗೆ ಕೈಯಾರೆ ಬರೆದ ಪಾಸ್‌ವರ್ಡ್ ಅಲ್ಲಿ ಸಾದಾ ಅಕ್ಷರಗಳಲ್ಲೇ ಉಳಿಯುತ್ತದೆ. ಬಾಗಿಲಿಗೆ ಬೀಗ ಜಡಿದು ಕೀಲಿಯನ್ನು ಹೊಸ್ತಿಲ ಪಕ್ಕದ ಹೂಕುಂಡದಡಿ ಇಟ್ಟ ಹಾಗೆ. ಮೈಕ್ರೋಸಾಫ್ಟಿನ ಸಿಸ್‌ಇಂಟರ್ನಲ್ಸ್ ಸಂಗ್ರಹದಲ್ಲಿರುವ ಆಟೋಲಾಗಾನ್ ಎಂಬ ಚಿಕ್ಕ ತಂತ್ರಾಂಶ ಅದನ್ನು ಗೂಢಲಿಪಿಯಲ್ಲಿ ಇಡುತ್ತದೆ. ಆಡಳಿತಗಾರರ ಅಧಿಕಾರವಿದ್ದವರು ಅದನ್ನೂ ಬಿಚ್ಚಬಲ್ಲರು, ಆದರೂ ಮೊದಲಿನದಕ್ಕಿಂತ ಎಷ್ಟೋ ಮೇಲು.

ಇಲ್ಲಿಯೇ ಮೊದಲು ಹೇಳಿದ ಎರಡು ಏರ್ಪಾಟುಗಳ ಗೊಂದಲ ಹೆಚ್ಚಾಗಿ ಕಾಣುವುದು. ಈ ಸ್ವಯಂ ಲಾಗಿನ್ ಯಂತ್ರದ ಮುಂದಿನ ತೆರೆಗೆ ಸಂಬಂಧಿಸಿದ್ದು. ರಿಮೋಟ್ ಡೆಸ್ಕ್‌ಟಾಪಿನಿಂದ ಬರುವವರು ತಮ್ಮ ಗುರುತನ್ನು ಪ್ರತ್ಯೇಕವಾಗಿಯೇ ಸಾಬೀತು ಮಾಡಬೇಕು. ಅವರ ಪಾಸ್‌ವರ್ಡನ್ನು ಅವರ ಕಡೆಯ ಯಂತ್ರದ ಕ್ರೆಡೆನ್ಷಿಯಲ್ ಮ್ಯಾನೇಜರಿನಲ್ಲಿ ಉಳಿಸಿಟ್ಟರೆ ಆ ಹೆಜ್ಜೆಯೂ ತಾನಾಗಿ ನಡೆಯುತ್ತದೆ. ಸಾಮಾನ್ಯ ವಿಂಡೋಸ್ ಆವೃತ್ತಿಗಳಲ್ಲಿ ಒಮ್ಮೆಗೆ ಒಬ್ಬರೇ ತೆರೆಯ ಮುಂದಿರಬಹುದು. ಆದ್ದರಿಂದ ದೂರದಿಂದ ಸಂಪರ್ಕಿಸಿದೊಡನೆ ಅಲ್ಲಿನ ತೆರೆಗೆ ಬೀಗ ಬೀಳುತ್ತದೆ, ಸಂಪರ್ಕ ಬಿಟ್ಟ ಮೇಲೂ ಅದು ಬೀಗದಲ್ಲೇ ಉಳಿಯುತ್ತದೆ. ತೆರೆಯ ಮೇಲಿನ ಗುಂಡಿಗಳನ್ನು ಒತ್ತುತ್ತ ಕೆಲಸಮಾಡುವ ಸ್ವಯಂಚಾಲಿತ ತಂತ್ರಾಂಶಗಳು ಆಗ ನಿಂತುಹೋಗುತ್ತವೆ. ಟಿಎಸ್‌ಕಾನ್ ಆಜ್ಞೆಯಿಂದ ಸೆಷನ್ನನ್ನು ಮರಳಿ ಯಂತ್ರದ ತೆರೆಗೆ ಒಪ್ಪಿಸಬಹುದು. ಹಾಗೆ ಮಾಡಿದ ಮೇಲೆ ಆ ತೆರೆ ಬೀಗವಿಲ್ಲದೆ ತೆರೆದಿರುತ್ತದೆ, ಕೋಣೆಗೆ ಬರುವವರೆಲ್ಲರ ಕೈಗೆ ಸಿಗುತ್ತದೆ.

ಲಿನಕ್ಸಿನಲ್ಲಿ ಜಿಡಿಎಂ, ಲೈಟ್‌ಡಿಎಂ, ಎಸ್‌ಡಿಡಿಎಂ ಎಂಬ ಲಾಗಿನ್ ವ್ಯವಸ್ಥಾಪಕಗಳ ಸಂರಚನಾ ಫೈಲಿನಲ್ಲಿ ಒಂದೆರಡು ಸಾಲು ಬರೆದರೆ ಸಾಕು. ಗ್ನೋಮ್ ಡೆಸ್ಕ್‌ಟಾಪಿನಲ್ಲಿ ಇದರ ಬೆನ್ನಿಗೇ ಬರುವ ತೊಡಕು ಕೀರಿಂಗ್. ಉಳಿಸಿಟ್ಟ ಗುಟ್ಟುಗಳ ಈ ಭಂಡಾರ ಲಾಗಿನ್ ಪಾಸ್‌ವರ್ಡಿನಿಂದಲೇ ಬಿಚ್ಚಿಕೊಳ್ಳುತ್ತದೆ. ಪಾಸ್‌ವರ್ಡನ್ನೇ ಕೊಡದೆ ಲಾಗಿನ್ ಆದರೆ ಭಂಡಾರ ಮುಚ್ಚಿಯೇ ಇರುತ್ತದೆ. ಡೆಸ್ಕ್‌ಟಾಪ್ ಹಂಚಿಕೆಯ ಪಾಸ್‌ವರ್ಡ್ ಅದರೊಳಗಿದ್ದರೆ, ಯಂತ್ರದ ಮುಂದೆ ಯಾರಾದರೂ ಕೂತು ಅದನ್ನು ಬಿಚ್ಚುವವರೆಗೆ ದೂರದವರಿಗೆ ಸಂಪರ್ಕ ಸಿಗುವುದಿಲ್ಲ. ಸ್ವಯಂ ಲಾಗಿನ್ ಹೂಡಿದ್ದೇ ದೂರದಿಂದ ಬಳಸಲು ಎಂಬುದನ್ನು ನೆನೆದರೆ ಈ ತೊಡಕು ಎಷ್ಟು ಕಾಡುತ್ತದೆಂದು ತಿಳಿಯುತ್ತದೆ. ಭಂಡಾರದ ಪಾಸ್‌ವರ್ಡನ್ನು ಖಾಲಿ ಮಾಡಿ ಹಲವರು ಇದನ್ನು ದಾಟುತ್ತಾರೆ. ಆಗ ಅದರೊಳಗಿನ ಎಲ್ಲ ಗುಟ್ಟುಗಳೂ ಡಿಸ್ಕಿನಲ್ಲಿ ಬಯಲಾಗಿರುತ್ತವೆ. 2024ರ ಗ್ನೋಮ್ 46 ಆವೃತ್ತಿ ಲಾಗಿನ್ ಪರದೆಯನ್ನೇ ದೂರದಿಂದ ತೆರೆಯುವ ಸೌಲಭ್ಯ ತಂದಿದೆ, ಅದು ಈ ಸಮಸ್ಯೆಗೆ ಹೆಚ್ಚು ನೇರವಾದ ಪರಿಹಾರ. ದೂರದ ತೆರೆಯನ್ನು ತೋರಿಸುವ ವಿಎನ್‌ಸಿ ಬಳಸುವವರು ಅದರ ಮೂಲ ಪಾಸ್‌ವರ್ಡ್ ವಿಧಾನ 8 ಅಕ್ಷರಗಳನ್ನು ಮಾತ್ರ ಪರಿಗಣಿಸುತ್ತದೆ ಎಂಬುದನ್ನು ಮರೆಯಬಾರದು. ಅದನ್ನು ಎಸ್‌ಎಸ್‌ಎಚ್ ಸುರಂಗದೊಳಗೆ ಹಾಯಿಸುವುದು ಲೇಸು.

ಡಿಸ್ಕನ್ನು ಗೂಢಲಿಪಿಯಲ್ಲಿಟ್ಟ ಯಂತ್ರಗಳಲ್ಲಿ ಸ್ವಯಂ ಲಾಗಿನ್ನಿಗೂ ಭದ್ರತೆಗೂ ನೇರ ಜಗಳ. ಮ್ಯಾಕ್ ಯಂತ್ರದಲ್ಲಿ ಫೈಲ್‌ವಾಲ್ಟ್ ಚಾಲೂ ಇದ್ದರೆ ಸ್ವಯಂ ಲಾಗಿನ್ ಸಿಗುವುದೇ ಇಲ್ಲ. ಡೆಬಿಯನ್, ಉಬುಂಟುಗಳಲ್ಲಿ ಬೂಟ್ ಆಗುವ ಮೊದಲ ಹಂತದಲ್ಲೇ ಡ್ರಾಪ್‌ಬೇರ್ ಎಂಬ ಪುಟ್ಟ ಎಸ್‌ಎಸ್‌ಎಚ್ ಸರ್ವರನ್ನು ಎಬ್ಬಿಸಿ ದೂರದಿಂದಲೇ ಡಿಸ್ಕಿನ ಬೀಗ ತೆಗೆಯಬಹುದು. ಕರೆಂಟು ಹೋಗಿ ಬರುವ ಊರುಗಳಲ್ಲಿ ಸರ್ವರ್ ಇಟ್ಟವರಿಗೆ ಇದು ದೊಡ್ಡ ಉಪಕಾರ.

ರಾಸ್ಪ್‌ಬೆರಿ ಪೈ ಕಂಪ್ಯೂಟರುಗಳ ಕಥೆ ಗಮನಾರ್ಹ. ಬಹುಕಾಲ ಅವೆಲ್ಲಕ್ಕೂ ಒಂದೇ ಹೆಸರಿನ, ಒಂದೇ ಪಾಸ್‌ವರ್ಡಿನ ಖಾತೆಯಿತ್ತು. 2016ರ ನವೆಂಬರಿನಿಂದ ಎಸ್‌ಎಸ್‌ಎಚ್ ತಾನಾಗಿ ಚಾಲೂ ಇರುವುದನ್ನು ನಿಲ್ಲಿಸಲಾಯಿತು. 2022ರ ಏಪ್ರಿಲಿನಲ್ಲಿ ಆ ಸಿದ್ಧ ಖಾತೆಯನ್ನೇ ತೆಗೆದುಹಾಕಲಾಯಿತು. ಸಿದ್ಧ ಪಾಸ್‌ವರ್ಡಿನ ಅಪಾಯ ಎಂಥದ್ದೆಂದರೆ, 2016ರಲ್ಲೇ ಮಿರಾಯ್ ಎಂಬ ದಾಳಿ ತಂತ್ರಾಂಶ, ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ರೌಟರುಗಳಿಗೆ ಟೆಲ್‌ನೆಟ್ ಮೂಲಕ ನುಗ್ಗಿ ದೊಡ್ಡ ಅನಾಹುತ ಮಾಡಿತ್ತು.

ಭಾರತದಲ್ಲಿ

ದೂರದ ಯಂತ್ರದಲ್ಲಿ ದುಡಿಯುವುದು ಬೆಂಗಳೂರಿಗೆ ಹಳೆಯ ಅಭ್ಯಾಸ. 1985ರಲ್ಲಿ ಇಲ್ಲಿ ಕೇಂದ್ರ ತೆರೆದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಉಪಗ್ರಹ ಕೊಂಡಿಯ ಮೂಲಕ ಹೊರದೇಶದೊಂದಿಗೆ ಕೆಲಸ ನಡೆಸಿತು. 1986ರಲ್ಲಿ ಆರಂಭವಾದ ಅರ್ನೆಟ್ ಶೈಕ್ಷಣಿಕ ಜಾಲದ ಮೊದಲ ಸಂಸ್ಥೆಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ಅಲ್ಲಿ 2022ರಲ್ಲಿ ಸ್ಥಾಪಿಸಿದ 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರನ್ನು ಸಂಶೋಧಕರು ಎಸ್‌ಎಸ್‌ಎಚ್ ಮೂಲಕವೇ ತಲುಪುತ್ತಾರೆ. 2020ರ ಲಾಕ್‌ಡೌನಿನ ನಂತರ ಶಿವಮೊಗ್ಗ, ಮಂಗಳೂರು, ಹುಬ್ಬಳ್ಳಿಯ ಮನೆಗಳಿಂದ ಕಚೇರಿಯ ಯಂತ್ರ ತೆರೆಯುವುದು ಸಾಮಾನ್ಯವಾಯಿತು. ಆಗ ಮನೆಯವರೆಲ್ಲ ಬಳಸುವ ಲ್ಯಾಪ್‌ಟಾಪಿನಲ್ಲೂ ಕಚೇರಿಯ ಕೀಲಿ, ಪಾಸ್‌ವರ್ಡುಗಳು ಉಳಿಯತೊಡಗಿದವು. ಮನೆಯಿಂದ ತಲುಪುವ ಅನುಕೂಲಕ್ಕೆಂದು ರಿಮೋಟ್ ಡೆಸ್ಕ್‌ಟಾಪಿನ 3389ನೇ ಪೋರ್ಟನ್ನು ವಿಪಿಎನ್ ಇಲ್ಲದೆ ನೇರ ಇಂಟರ್ನೆಟ್ಟಿಗೆ ತೆರೆದಿಡಬಾರದು. ಲಾಗಿನ್ನೇ ಇಲ್ಲದೆ ಯಂತ್ರವನ್ನು ವಶಪಡಿಸಿಕೊಳ್ಳಲು ಎಡೆಕೊಡುವ ಬ್ಲೂಕೀಪ್ ಎಂಬ ದೋಷ 2019ರ ಮೇಯಲ್ಲಿ ಬಯಲಾದಾಗ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದ ವಿಂಡೋಸ್ ಎಕ್ಸ್‌ಪಿಗೂ ತಿದ್ದುಪಡಿ ಹೊರಡಿಸಬೇಕಾಯಿತು.

ಕಾನೂನಿನ ಕಣ್ಣಿನಲ್ಲಿ ಯಂತ್ರ ಪಾಸ್‌ವರ್ಡ್ ಕೇಳಲಿಲ್ಲ ಎಂಬುದು ಅನುಮತಿಯಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43 ಮತ್ತು 66ನೇ ಪ್ರಕರಣಗಳು ಮಾಲೀಕರ ಒಪ್ಪಿಗೆಯಿಲ್ಲದ ಪ್ರವೇಶಕ್ಕೆ ಪರಿಹಾರ, ದಂಡ, ಸೆರೆವಾಸಗಳನ್ನು ಹೇಳುತ್ತವೆ. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ 66ಸಿ ಪ್ರಕಾರ ಮೂರು ವರ್ಷದವರೆಗೆ ಶಿಕ್ಷೆಯಿದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸಂಸ್ಥೆಗಳು ಲಾಗ್‌ಗಳನ್ನು 180 ದಿನ ಕಾಪಾಡಬೇಕು, ಸೂಚಿಸಿದ ಬಗೆಯ ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಬೇಕು. ಒಂದೇ ಕೀಲಿಯನ್ನು ಹತ್ತು ಜನ ಹಂಚಿಕೊಂಡ ಕಡೆ ಲಾಗ್ ಇದ್ದರೂ ಒಳಗೆ ಬಂದವರು ಯಾರೆಂದು ಹೇಳಲಾಗುವುದಿಲ್ಲ.

ಈಚಿನ ಬೆಳವಣಿಗೆ

2024ರ ಮಾರ್ಚ್ ಕೊನೆಯಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ತಮ್ಮ ಪ್ರಯೋಗದ ಯಂತ್ರದಲ್ಲಿ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿರುವುದನ್ನು ಗಮನಿಸಿದರು. ಬೆನ್ನುಹತ್ತಿ ನೋಡಿದಾಗ ಎಕ್ಸ್‌ಝಡ್ ಎಂಬ ಸಂಕೋಚನ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಹಿಂಬಾಗಿಲು ಅಡಗಿಸಿದ್ದು ಸಿಕ್ಕಿತು. ತಮ್ಮಲ್ಲಿರುವ ಒಂದು ಖಾಸಗಿ ಕೀಲಿಯಿಂದ ಆ ಹಿಂಬಾಗಿಲು ಸೇರಿದ ಯಾವ ಸರ್ವರನ್ನಾದರೂ ಹೊಗುವ ದಾರಿಯನ್ನು ಅದನ್ನು ಹೆಣೆದವರು ಮಾಡಿಕೊಂಡಿದ್ದರು. ಪ್ರಮುಖ ಲಿನಕ್ಸ್ ವಿತರಣೆಗಳ ಸ್ಥಿರ ಆವೃತ್ತಿಗಳಿಗೆ ಅದು ಸೇರುವ ಮುನ್ನವೇ ತಡೆಯಲಾಯಿತು.

ಹೊಸದಾಗಿ ಸ್ವಯಂ ಲಾಗಿನ್ ಹೂಡುವವರಿಗೆ ಒಂದು ಮಾತು. ಪಾಸ್‌ವರ್ಡ್ ಲಾಗಿನ್ನನ್ನು ಮುಚ್ಚುವ ಮೊದಲು ತೆರೆದಿರುವ ಸಂಪರ್ಕವನ್ನು ಹಾಗೇ ಬಿಟ್ಟು, ಇನ್ನೊಂದು ಕಿಟಕಿಯಿಂದ ಕೀಲಿ ಕೆಲಸಮಾಡುವುದನ್ನು ನೋಡಿಕೊಳ್ಳಿ. ಇಲ್ಲದಿದ್ದರೆ ನೂರಾರು ಕಿಲೋಮೀಟರು ದೂರದ ಯಂತ್ರದ ಹೊರಗೆ ನೀವೇ ಉಳಿಯುತ್ತೀರಿ. ಡೆಸ್ಕ್‌ಟಾಪ್ ತಾನಾಗಿ ತೆರೆಯಲೇಬೇಕಿದ್ದರೆ ಆ ಖಾತೆಗೆ ಆಡಳಿತಗಾರರ ಅಧಿಕಾರ ಕೊಡಬೇಡಿ. ಈಗಾಗಲೇ ಹೂಡಿರುವವರು ತಾವು ನೋಡಿಕೊಳ್ಳುವ ಪ್ರತಿ ಸರ್ವರಿನ ಅನುಮತಿ ಪಟ್ಟಿಯನ್ನು ಈ ವಾರವೇ ತೆರೆದು ಓದಲಿ, ಯಾರದೆಂದು ಹೇಳಲಾಗದ ಕೀಲಿ ಕಂಡರೆ ವಿಚಾರಿಸಿ ತೆಗೆದುಹಾಕಲಿ.